ಮತ್ಸ್ಯಾಲಯದ ಗಾಜಿಗೆ ಹಿಡಿದ ಸುಣ್ಣ

ಬಯಲುಸೀಮೆಯ ಗೃಹಸ್ಥರೊಬ್ಬರು ಬರೆದು ಕೇಳಿರುವರು: ಮಕ್ಕಳು ಮೀನು ಸಾಕಿರುವ ಗಾಜಿನ ತೊಟ್ಟಿಯಲ್ಲಿ ನೀರಿನಂಚಿನ ಉದ್ದಕ್ಕೂ ಬಿಳಿಯ ಪಟ್ಟೆ ಕಟ್ಟಿದೆ, ಉಜ್ಜಿದರೆ ಹೋಗದು, ಕಕ್ಕಸು ತೊಳೆಯುವ ಆಸಿಡ್ಡನ್ನು ತುಸು ಹಾಕಬಹುದೆ? ಸರ್ವಥಾ ಕೂಡದು. ಹಾಕಿದರೆ ಪಟ್ಟೆಗಿಂತ ಮೊದಲು ಮೀನುಗಳೇ ಹೋದಾವು.

ಭೂಮಿಯೊಳಗಿನ ನೀರು ಇಂಗಾಲಾಮ್ಲ ವಾಯುವನ್ನು ಕೂಡಿಕೊಂಡು ಕಲ್ಲಿನಲ್ಲಿರುವ ಸುಣ್ಣವನ್ನು ಕರಗಿಸಿಕೊಂಡು ಬರುತ್ತದೆ. ಕೊಳವೆಬಾವಿಯ ನೀರು ಗಡಸಾಗುವುದು ಹೀಗೆ. ತೊಟ್ಟಿಯಲ್ಲಿ ಗುಳ್ಳೆಗಳೊಡೆದು ಹನಿಗಳು ಗಾಜಿಗೆ ಸಿಡಿಯುತ್ತವೆ. ವಾಯುವು ಹಾರುತ್ತದೆ, ನೀರು ಆರುತ್ತದೆ, ಸುಣ್ಣವೊಂದೇ ಉಳಿಯುತ್ತದೆ. ಬಚ್ಚಲ ಹಂಡೆಯೊಳಗೆ ಕಟ್ಟುವ ಹಕ್ಕಳೆಯೂ ಬಹುಮಟ್ಟಿಗೆ ಇದೇ ವಸ್ತು. ಕುಡಿಯುವ ನೀರಿನ ಗಡಸುತನವು ಲೀಟರಿಗೆ 200 ಮಿಲಿಗ್ರಾಂ ಮೀರದಿರುವುದು ಲೇಸೆಂದೂ, ಬೇರೆ ನೀರಿಲ್ಲದೆಡೆ 600ರ ವರೆಗೆ ಸೈರಿಸಬಹುದೆಂದೂ 2012ರ ಭಾರತೀಯ ಮಾನಕವು ವಿಧಿಸಿದೆ. ಗಪ್ಪಿ, ಮೋಲಿ ಮೊದಲಾದ ಮೀನುಗಳಿಗಾದರೋ ಗಡಸು ನೀರೇ ಒಗ್ಗುವುದು. ಆದುದರಿಂದ ಕಲೆಯು ನಮ್ಮ ಕಣ್ಣಿಗೆ ಬಾಧೆಯೇ ಹೊರತು ಮೀನಿಗಲ್ಲ. ನಾವು ಅದನ್ನು ತೆಗೆಯಹೊರಟಾಗಲೇ ಮೀನಿಗೆ ಅಪಾಯವು.

(ಅಮರಕೋಶದಲ್ಲಿ ‘ಮತ್ಸ್ಯಾಧಾನೀ’ ಎಂಬ ಪದವುಂಟು, ಆದರೆ ಅದು ಬೆಸ್ತರು ಹಿಡಿದ ಮೀನನ್ನು ತುಂಬುವ ಬುಟ್ಟಿ. ‘ಮತ್ಸ್ಯಾಲಯ’ವೆಂಬ ರೂಢಿಯ ಮಾತೇ ವಾಸಿ.)

ತಾಮ್ರದ ಬಿಂದಿಗೆಗೆ ಹುಣಸೆಹಣ್ಣು ಹೇಗೋ ಈ ಸುಣ್ಣಕ್ಕೆ ಅಡಿಗೆಯ ಬಿಳಿಯ ವಿನೆಗರ್ ಹಾಗೆ. ನಿಂಬೆಯ ರಸವೂ ಆದೀತು. ಮೊದಲು ನೀರು ಕಾಯಿಸುವ ಹೀಟರನ್ನು ಆರಿಸಿ, ಕಾಲು ಗಂಟೆ ತಣಿಯಲು ಬಿಡಬೇಕು. ಬಿಸಿಯಾದ ಹೀಟರು ನೀರಿನಿಂದ ಹೊರಬಿದ್ದರೆ ಸೀಳೀತು. ಬಳಿಕ ಕಲೆಗಿಂತ ನಾಲ್ಕು ಬೆರಳು ಕೆಳಗಿನವರೆಗೆ ನೀರನ್ನು ಇಳಿಸಿ, ಬಟ್ಟೆಯನ್ನು ವಿನೆಗರಿನಲ್ಲಿ ನೆನೆಸಿ, ತೊಟ್ಟಿಕ್ಕದಂತೆ ಹಿಂಡಿ, ಕಲೆಯ ಮೇಲೆ ಅಂಟಿಸಿ ಕಾಲು ಗಂಟೆ ಬಿಡತಕ್ಕದ್ದು. ಸಣ್ಣಗೆ ನೊರೆಯೇಳುವುದು ಸುಣ್ಣವು ಕರಗುವ ಚಿಹ್ನೆ. ಆಮೇಲೆ ಹಳೆಯ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಮೆಲ್ಲನೆ ಕೆರೆಯಬೇಕು. ಹಟಮಾರಿ ಕಲೆಗೆ ಎರಡು ಮೂರು ಸಲ ಬೇಕಾದೀತು, ಅವಸರ ಬೇಡ. ಬ್ಲೇಡು ಗಾಜಿಗೆ ಸಲ್ಲುತ್ತದೆ, ಆದರೆ ಮೂಲೆಯ ಅಂಟನ್ನು ಕತ್ತರಿಸೀತು. ಅಕ್ರಿಲಿಕ್ ತೊಟ್ಟಿಗಂತೂ ಗೀರು ಬಿದ್ದೇ ಬೀಳುವುದು. ಕಡೆಯಲ್ಲಿ ಬರಿಯ ನೀರಿನ ಬಟ್ಟೆಯಿಂದ ಎರಡು ಮೂರಾವರ್ತಿ ಒರಸಿ, ಅದೇ ಜಾತಿಯ, ಅದೇ ಬಿಸುಪಿನ ನೀರನ್ನು ನಿಧಾನವಾಗಿ ತುಂಬಬೇಕು.

ಸಾಬೂನನ್ನು ಮುಟ್ಟಬಾರದು, ಅದರ ಶೇಷವು ಮೀನಿನ ಕಿವಿರನ್ನು ಕೆಡಿಸುವುದು. ಮುಚ್ಚಳವನ್ನೂ ಕೊಳವೆಗಳನ್ನೂ ಹೊರಗೆ ತೆಗೆದು ನೆನೆಹಾಕಿ ಚೆನ್ನಾಗಿ ತೊಳೆಯಬಹುದು. ಶೋಧಕದ ಸ್ಪಂಜಿಗೆ ಮಾತ್ರ ವಿನೆಗರ್ ಸೋಕಿಸಬೇಡಿ. ಮೀನಿನ ಮಲದಿಂದಾಗುವ ಅಮೋನಿಯ ವಿಷವನ್ನು ಮಾರ್ಪಡಿಸುವ ಸೂಕ್ಷ್ಮಜೀವಿಗಳು ವಾಸಿಸುವುದು ಅಲ್ಲಿಯೇ.

ಆವಿಯಾದಷ್ಟು ನೀರನ್ನು ಪುನಃ ಕೊಳವೆಬಾವಿಯಿಂದಲೇ ತುಂಬುತ್ತ ಹೋದರೆ ಸುಣ್ಣವು ಕೂಡುತ್ತಲೇ ಹೋಗುವುದು. ಆ ಕೊರತೆಗೆ ಮಾತ್ರ ಮಳೆನೀರು ಉತ್ತಮ. ಮೊದಲ ಮಳೆಗಳಲ್ಲಿ ಮಾಡಿನ ಕೊಳೆ ತೊಳೆದುಹೋದ ಮೇಲೆ ನಾಲ್ಕು ಕೊಡ ಹಿಡಿದು ಮುಚ್ಚಿಟ್ಟರೆ, ಸಣ್ಣ ತೊಟ್ಟಿಗೆ ಬಹುಕಾಲ ಒದಗೀತು.