ಅನುಮತಿ ಮಾರಾಟದ ಸರಕಲ್ಲ

"ಸಾವಿರಾರು ಕೋಟಿ ಗಳಿಸುವ ಕಂಪನಿಯಿಂದ ಸರ್ಕಾರ ಒಂದಿಷ್ಟು ಪಾಲು ಕೇಳಿದರೆ ತಪ್ಪೇನು?" ಅಮೆರಿಕದ ಚಿಪ್ ವ್ಯವಹಾರದ ಸುದ್ದಿ ಬಂದಾಗಿನಿಂದ ಈ ಮಾತು ಹಲವರ ಬಾಯಲ್ಲಿದೆ. ಕೇಳುವುದಕ್ಕೆ ನ್ಯಾಯವೆನಿಸುತ್ತದೆ, ಆದರೆ ಇದು ಅಪಾಯದ ಮಾತು. ತೆರಿಗೆ ಹಾಕುವ ಅಧಿಕಾರ ಬೇರೆ, ತಡೆಯುವ ಅಧಿಕಾರ ಬೇರೆ. ತಡೆಯುವ ಅಧಿಕಾರವನ್ನು ಹಣಕ್ಕೆ ಬಿಟ್ಟುಕೊಡುವ ಹಕ್ಕು ಯಾವ ಸರ್ಕಾರಕ್ಕೂ ಇರಕೂಡದು.

ನಡೆದದ್ದು ಇಷ್ಟು. ಚಿಪ್ ಕಂಪನಿ ಎನ್‌ವಿಡಿಯಾದ ಎಚ್20 ಚಿಪ್ ಚೀನಾಕ್ಕೆ ಹೋಗಬೇಕಾದರೆ ಪರವಾನಗಿ ಬೇಕೆಂದು ಅಮೆರಿಕ ಸರ್ಕಾರ 2025ರ ಏಪ್ರಿಲ್‌ನಲ್ಲಿ ಹೇಳಿತು. ಕೊಟ್ಟ ಕಾರಣ ದೇಶದ ಭದ್ರತೆ. ಆಗಸ್ಟ್ ಹೊತ್ತಿಗೆ ಎನ್‌ವಿಡಿಯಾ ಮತ್ತು ಇನ್ನೊಂದು ಚಿಪ್ ಕಂಪನಿ ಎಎಂಡಿ, ಪರವಾನಗಿಗೆ ಪ್ರತಿಯಾಗಿ, ಚೀನಾದಲ್ಲಿನ ಇಂಥ ಚಿಪ್ ಮಾರಾಟದಲ್ಲಿ ಶೇ. 15ರಷ್ಟನ್ನು ಸರ್ಕಾರಕ್ಕೆ ಕೊಡಲು ಒಪ್ಪಿದವು. ಮೊದಲು ಶೇ. 20 ಕೇಳಿದ್ದೆ, ಚೌಕಾಸಿಯಲ್ಲಿ 15ಕ್ಕೆ ಇಳಿದೆ ಎಂದು ಅಧ್ಯಕ್ಷ ಟ್ರಂಪ್ ಅವರೇ ಹೇಳಿಕೊಂಡರು. ಡಿಸೆಂಬರ್‌ನಲ್ಲಿ ಇನ್ನೂ ಬಲಶಾಲಿಯಾದ ಎಚ್200ಕ್ಕೆ ಶೇ. 25ರ ಘೋಷಣೆ ಬಂತು. ಅಲ್ಲಿನ ಸಂವಿಧಾನ ರಫ್ತಿನ ಮೇಲೆ ತೆರಿಗೆಯನ್ನೇ ನಿಷೇಧಿಸಿದೆ. ಪರವಾನಗಿ ಅರ್ಜಿಗೆ ಶುಲ್ಕ ಪಡೆಯುವಂತಿಲ್ಲ ಎಂದು 2018ರ ರಫ್ತು ನಿಯಂತ್ರಣ ಕಾಯ್ದೆ ಹೇಳುತ್ತದೆ. ಹಾಗಾದರೆ ಈ ಹಣ ತೆರಿಗೆಯೋ, ಶುಲ್ಕವೋ? ಎರಡೂ ಆಗಲಾರದ ಹಣವನ್ನು ಖಜಾನೆಗೆ ಸೇರಿಸಿಕೊಳ್ಳುವುದು ಯಾವ ಕಾನೂನಿನಡಿ?

ರಫ್ತಿನ ಮೇಲೆ ಸರ್ಕಾರದ ಕೈ ಬೀಳುವುದು ಹೇಗಿರುತ್ತದೆ ಎಂದು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಬೆಳೆಯುವ ಬೆಂಗಳೂರು ರೋಸ್ ಈರುಳ್ಳಿ ನಮ್ಮ ಅಡುಗೆಮನೆಯ ಸರಕಲ್ಲ. ಚಪ್ಪಟೆ ತಳದ, ಕಡುಗೆಂಪು ಬಣ್ಣದ ಈ ಸಣ್ಣ ಗಡ್ಡೆ ಬೆಳೆಯುವುದೇ ಮಲೇಷ್ಯಾ, ಸಿಂಗಪುರದಂಥ ಹೊರದೇಶಗಳಿಗಾಗಿ. ಭೌಗೋಳಿಕ ಸೂಚಕದ ಮಾನ್ಯತೆಯೂ ಅದಕ್ಕಿದೆ. 2023ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಈರುಳ್ಳಿ ರಫ್ತಿಗೆ ಶೇ. 40 ಸುಂಕ ಹಾಕಿದಾಗ ನಮ್ಮ ಗಡ್ಡೆಯೂ ಅದಕ್ಕೆ ಸಿಕ್ಕಿಕೊಂಡಿತು. ದೇಶದೊಳಗೆ ಬೆಲೆ ಇಳಿಸಲು ಹಾಕಿದ ಸುಂಕ, ದೇಶದೊಳಗೆ ಹೆಚ್ಚು ಖರ್ಚಾಗದ ಬೆಳೆಯ ಮೇಲೂ ಬಿತ್ತು. ಅದು ಅನ್ಯಾಯವೇ. ಆದರೂ ಅದಕ್ಕೊಂದು ಅಧಿಸೂಚನೆ ಇತ್ತು, ಅಧಿಸೂಚನೆಯ ಹಿಂದೆ ಸಂಸತ್ತು ಮಾಡಿದ ಕಾಯ್ದೆ ಇತ್ತು, ದರ ಎಲ್ಲರಿಗೂ ಒಂದೇ ಇತ್ತು. ರೈತರು ದನಿ ಎತ್ತಲು ಎದುರಿಗೆ ಒಂದು ಲಿಖಿತ ಆದೇಶವಿತ್ತು. ಸೆಪ್ಟೆಂಬರ್ ಕೊನೆಯಲ್ಲಿ ಸಿಕ್ಕ ವಿನಾಯಿತಿಯೂ ಬರಹದಲ್ಲೇ ಬಂತು: ರಾಜ್ಯದ ತೋಟಗಾರಿಕೆ ಆಯುಕ್ತರ ಪ್ರಮಾಣಪತ್ರವಿದ್ದರೆ ಸುಂಕವಿಲ್ಲ. ಇದರ ಬದಲು ಸಚಿವರೊಬ್ಬರು ದೊಡ್ಡ ರಫ್ತುದಾರರೊಬ್ಬರನ್ನು ಕರೆದು, "ಶೇ. 15 ಕೊಡಿ, ನಿಮ್ಮ ಕಂಟೇನರ್ ಬಿಡುತ್ತೇವೆ" ಎಂದಿದ್ದರೆ? ಚೌಕಾಸಿಗೆ ಕರೆ ಬಾರದ ಸಣ್ಣ ವ್ಯಾಪಾರಿಯ, ಅವನನ್ನೇ ನಂಬಿದ ಬೆಳೆಗಾರನ ಗತಿ ಏನಾಗುತ್ತಿತ್ತು?

ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರ ಹಳೆಯದು. ಕಾನೂನಿನ ಆಧಾರವಿಲ್ಲದೆ ತೆರಿಗೆ ವಿಧಿಸುವಂತಿಲ್ಲ, ವಸೂಲಿ ಮಾಡುವಂತಿಲ್ಲ ಎನ್ನುತ್ತದೆ ಸಂವಿಧಾನದ 265ನೇ ವಿಧಿ. ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1954ರಲ್ಲೇ ತೆರಿಗೆಗೂ ಶುಲ್ಕಕ್ಕೂ ಗೆರೆ ಎಳೆಯಿತು. ಮದರಾಸು ಸರ್ಕಾರ ಮಠಗಳ ಆದಾಯದಲ್ಲಿ ಶೇ. 5ರವರೆಗೆ ಕೇಳಿತ್ತು, ಪ್ರತಿಯಾಗಿ ಸಲ್ಲುವ ಸೇವೆಗೂ ಆ ಹಣಕ್ಕೂ ಸಂಬಂಧ ಕಾಣದ್ದರಿಂದ ಅದು ಶುಲ್ಕವಲ್ಲ, ತೆರಿಗೆ, ಅದನ್ನು ಹಾಕುವ ಅಧಿಕಾರ ರಾಜ್ಯಕ್ಕಿಲ್ಲ ಎಂದಿತು ನ್ಯಾಯಾಲಯ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಕೊಡುವ ಶುಲ್ಕವನ್ನು ಈ ಅಳತೆಯಿಂದ ನೋಡಿ. ಅಲ್ಲಿ ಲಾಟು ಇಡಲು ಜಾಗವಿದೆ, ತೂಕವಿದೆ, ರೈತ ಮತ್ತು ರೀಲರ್ ಇಬ್ಬರ ಕಣ್ಣೆದುರಿನ ಹರಾಜಿದೆ. ಸೌಲಭ್ಯ ಕೆಟ್ಟರೆ "ಶುಲ್ಕ ಯಾತಕ್ಕೆ?" ಎಂದು ಇಬ್ಬರೂ ಕೇಳಬಹುದು. ಚಿಪ್ ಮಾರಾಟದ ಪಾಲಿಗೆ ಪ್ರತಿಯಾಗಿ ಸರ್ಕಾರ ಕೊಟ್ಟದ್ದು ಏನು? ತಾನೇ ಒಡ್ಡಿದ ಅಡ್ಡಿಯನ್ನು ತೆಗೆದದ್ದು, ಅಷ್ಟೇ.

ಗೌರವದಿಂದ ಎದುರಿಸಬೇಕಾದ ವಾದವೊಂದಿದೆ. ನಮ್ಮ ಟೆಲಿಕಾಂ ಕಂಪನಿಗಳು ಆದಾಯದಲ್ಲಿ ಸರ್ಕಾರಕ್ಕೆ ಪಾಲು ಕೊಡುತ್ತಿಲ್ಲವೇ? ಕೊಡುತ್ತಿವೆ, ಕೊಡಬೇಕಾದ್ದೇ. ತರಂಗಾಂತರ ಸಾರ್ವಜನಿಕ ಸಂಪತ್ತು. ಅದನ್ನು ಬಳಸುವವರು ಬೆಲೆ ತೆರಬೇಕು. ತರಂಗಾಂತರದ ಹಂಚಿಕೆ ಕೂಡ ಮನಸ್ಸಿಗೆ ಬಂದಂತೆ ನಡೆದಾಗ 2012ರಲ್ಲಿ ಸುಪ್ರೀಂ ಕೋರ್ಟ್ 122 ಪರವಾನಗಿಗಳನ್ನು ರದ್ದು ಮಾಡಿತು. ಚಿಪ್ ಸರ್ಕಾರದ ಸೊತ್ತಲ್ಲ. ಅದರ ಹಿಂದೆ ಸಾರ್ವಜನಿಕ ಹಣದ ಸಂಶೋಧನೆ ಇದೆ ಎಂಬುದು ನಿಜವಾದರೆ, ಅದಕ್ಕೆ ಲಾಭದ ಮೇಲಿನ ತೆರಿಗೆ ಇದೆ. ಸಾಲದಿದ್ದರೆ ಹೆಚ್ಚಿಸಲಿ, ಶಾಸನಸಭೆಯಲ್ಲಿ ಚರ್ಚಿಸಿ ಹೆಚ್ಚಿಸಲಿ. ಇನ್ನು "ಕಂಪನಿಗಳೇ ಒಪ್ಪಿವೆಯಲ್ಲ" ಎನ್ನುವವರಿಗೆ: ಪರವಾನಗಿ ಹಿಡಿದಿಟ್ಟವನ ಮುಂದೆ ಹೇಳಿದ ಹೂಂ ಒಪ್ಪಿಗೆಯಲ್ಲ.

ಅಸಲು ಅಪಾಯ ಇರುವುದೂ ಆ ಹೂಂನಲ್ಲೇ. ಕೊಟ್ಟವನಿಗೆ ಮಾರುಕಟ್ಟೆ ಸಿಗುತ್ತದೆ, ಪಡೆದವನಿಗೆ ಹಣ ಸಿಗುತ್ತದೆ; ಕೋರ್ಟಿಗೆ ಹೋಗುವವರು ಯಾರು? ಕಾನೂನು ಮೀರಿದ್ದನ್ನು ಪ್ರಶ್ನಿಸಲು ಫಿರ್ಯಾದಿಯೇ ಇಲ್ಲದಂತಾಗುತ್ತದೆ. ಭದ್ರತೆಯ ಮಾತಂತೂ ಅರ್ಥ ಕಳೆದುಕೊಳ್ಳುತ್ತದೆ. ಚಿಪ್ ಅಪಾಯಕಾರಿಯಾಗಿದ್ದರೆ ಶೇ. 25 ತೆತ್ತರೂ ಅಪಾಯ ಅಷ್ಟೇ ಇರುತ್ತದೆ. ಅಪಾಯಕಾರಿಯಲ್ಲದಿದ್ದರೆ ತಡೆಯಲು ಮೊದಲಿಗೇ ಕಾರಣವಿರಲಿಲ್ಲ.

ದೇವನಹಳ್ಳಿಯ ಫಾಕ್ಸ್‌ಕಾನ್ ಕಾರ್ಖಾನೆ ಐಫೋನ್ ತಯಾರಿಸುತ್ತಿರುವ ಕಾಲವಿದು. ತಂತ್ರಜ್ಞಾನದ ರಫ್ತು ನಮ್ಮ ಮಗ್ಗುಲಿಗೇ ಬಂದಿದೆ, ಪಾಲು ಕೇಳುವ ಆಸೆ ನಮ್ಮ ಸರ್ಕಾರಗಳಿಗೂ ಹುಟ್ಟಬಹುದು. ಅದು ಹುಟ್ಟುವ ಮೊದಲೇ ನಾವು ಸ್ಪಷ್ಟವಾಗಿರಬೇಕು. ದೇಶಕ್ಕೆ ಕೇಡಾಗುವುದಾದರೆ ಸರ್ಕಾರ ರಫ್ತನ್ನು ತಡೆಯಲಿ. ಆದಾಯ ಬೇಕಿದ್ದರೆ ಸಂಸತ್ತಿಗೆ ಹೋಗಿ, ಎಲ್ಲರಿಗೂ ಅನ್ವಯಿಸುವ ತೆರಿಗೆ ಹಾಕಲಿ. ಈ ಎರಡು ದಾರಿ ಬಿಟ್ಟು ರಫ್ತಿನ ಅನುಮತಿಗೆ ಪಡೆಯುವ ಪ್ರತಿ ರೂಪಾಯಿಯೂ, ಎಷ್ಟೇ ಒಳ್ಳೆಯ ಕೆಲಸಕ್ಕೆ ಖರ್ಚಾಗಲಿ, ಕಾನೂನುಬಾಹಿರ ವಸೂಲಿ.