ಸೌದೆ ತಿಂದು ಓಡಿದ ಲಾರಿಗಳು

೧೯೪೦ರ ಏಪ್ರಿಲ್ ೯ರಂದು ಜರ್ಮನಿಯ ಸೇನೆಯು ಡೆನ್ಮಾರ್ಕ್ ಮತ್ತು ನಾರ್ವೆಗಳನ್ನು ಹೊಕ್ಕಿತು. ಯುದ್ಧಕ್ಕೆ ಸೇರದೆ ತಟಸ್ಥವಾಗಿದ್ದ ಸ್ವೀಡನ್ನಿಗೆ ಹೊರಗಿನಿಂದ ಎಣ್ಣೆ ತರುವ ಸಮುದ್ರಮಾರ್ಗವು ಅಂದಿನಿಂದ ಹೆಚ್ಚುಕಡಮೆ ಮುಚ್ಚಿಹೋಯಿತು. ಪೆಟ್ರೋಲಿಗೆ ಪರರನ್ನೇ ನೆಚ್ಚಿದ್ದ ಆ ದೇಶಕ್ಕೆ ಕಾಡಿನ ಕೊರತೆ ಮಾತ್ರ ಇರಲಿಲ್ಲ. ಲಾರಿಗಳು ನಿಂತರೆ ಪಟ್ಟಣಗಳಿಗೆ ಹಾಲಿಲ್ಲ, ಹಿಟ್ಟಿಲ್ಲ. ಆಗ ಲಾರಿಗೆ ಸೌದೆ ತಿನ್ನಿಸುವ ಕೆಲಸ ಭರದಿಂದ ಸಾಗಿತು. ೧೯೪೨ರ ಆರಂಭದಲ್ಲಿ ಅಲ್ಲಿನ ರಸ್ತೆಗಳ ಮೇಲೆ ಉಳಿದಿದ್ದ ಸುಮಾರು ಎಂಬತ್ತು ಸಾವಿರ ವಾಹನಗಳಲ್ಲಿ ಬಹುಪಾಲು ಮರದ ಅಥವಾ ಇದ್ದಿಲಿನ ಅನಿಲದಿಂದಲೇ ಓಡುತ್ತಿದ್ದವು.

ಸೌದೆಯೇನೂ ನೇರವಾಗಿ ಎಂಜಿನ್ನಿನ ಹೊಟ್ಟೆಗೆ ಹೋಗುವುದಿಲ್ಲ. ಚಾಲಕನ ಕೋಣೆಯ ಹಿಂದೆ ಕಬ್ಬಿಣದ ಎತ್ತರವಾದ ಪೀಪಾಯಿಯೊಂದನ್ನು ನಿಲ್ಲಿಸುತ್ತಿದ್ದರು. ಮುಷ್ಟಿಗಾತ್ರದ ಒಣ ಮರದ ತುಂಡುಗಳನ್ನು ಅದಕ್ಕೆ ಮೇಲಿನಿಂದ ಸುರಿದು ಮುಚ್ಚಳ ಬಿಗಿಯಬೇಕು. ಕೆಳಭಾಗದ ರಂಧ್ರಗಳಿಂದ ಒಳಬರುವ ಗಾಳಿ ಮಿತವಾದುದರಿಂದ ಮರವು ಪೂರ್ತಿ ಉರಿಯಲಾರದು. ಅದರಿಂದೆದ್ದ ಹೊಗೆಯು ನಿಗಿನಿಗಿ ಕೆಂಡವನ್ನು ಹಾದು ಕಾರ್ಬನ್ ಮಾನಾಕ್ಸೈಡ್ ಹಾಗೂ ಜಲಜನಕಗಳಾಗುತ್ತದೆ. ಉರಿಯುವ ಸತ್ತ್ವ ಇವೇ. ಅನಿಲದಲ್ಲಿ ಅರ್ಧದಷ್ಟು ನಿರುಪಯೋಗಿಯಾದ ಸಾರಜನಕ.

ಮರದ ಹೊಗೆಯಲ್ಲಿ ಜಿಗುಟಾದ ಟಾರು ಇರುತ್ತದೆ. ಅದು ಎಂಜಿನ್ನಿನ ಕವಾಟಗಳಿಗೆ ಅಂಟಿತೆಂದರೆ ಲಾರಿಯ ಕಥೆ ಮುಗಿಯಿತು. ಜಾರ್ಜ್ ಇಂಬೆರ್ ಎಂಬ ಫ್ರೆಂಚ್ ರಸಾಯನ ತಜ್ಞನು ೧೯೨೦ರ ದಶಕದಲ್ಲಿ ಇದಕ್ಕೊಂದು ಉಪಾಯ ಕಂಡನು: ಹೊಗೆಯನ್ನು ಮೇಲೇಳಗೊಡದೆ, ಕೆಂಡ ತುಂಬಿದ ಇಕ್ಕಟ್ಟಾದ ಕೊರಳಿನ ಮೂಲಕ ಕೆಳಕ್ಕೇ ಎಳೆಯುವುದು. ಆ ಕಾವಿನಲ್ಲಿ ಟಾರಿನ ಬಹುಭಾಗ ಒಡೆದು ತಾನೂ ಅನಿಲವಾಗುತ್ತದೆ. ಮುಂದೆ ಕೊಳವೆಗಳಲ್ಲಿ ತಣಿಸಿ, ಶೋಧಕಗಳಲ್ಲಿ ಬೂದಿ ತೆಗೆದು, ಎಂಜಿನ್ನಿನ ಬಾಯಿಗೆ ಗಾಳಿಯೊಡನೆ ಬೆರೆಸಿ ಬಿಡುತ್ತಿದ್ದರು.

ಹಳೆಯ ಪೆಟ್ರೋಲ್ ಲಾರಿಗಳ ಎಂಜಿನ್ನುಗಳು ಗಾತ್ರದಲ್ಲಿ ದೊಡ್ಡವು, ವೇಗದಲ್ಲಿ ನಿಧಾನ. ಈ ಕೆಲಸಕ್ಕೆ ಒಗ್ಗುವಂಥವು. ಮರದ ಅನಿಲವು ಮೆಲ್ಲನೆ ಉರಿಯುವುದರಿಂದ ಕಿಡಿಯನ್ನು ತುಸು ಮುಂಚಿತವಾಗಿ ಹಾರಿಸಬೇಕು. ಸಿಲಿಂಡರಿನ ತಲೆಯನ್ನು ಸ್ವಲ್ಪ ಅರೆದು ಒತ್ತಡ ಹೆಚ್ಚಿಸಿದರೆ ಇನ್ನೂ ಒಳಿತು. ಇಷ್ಟೆಲ್ಲ ಮಾಡಿದರೂ ಪೆಟ್ರೋಲಿನಿಂದ ಬರುತ್ತಿದ್ದ ಶಕ್ತಿಯಲ್ಲಿ ಮೂರನೆಯ ಒಂದು ಪಾಲು, ಕೆಲವೊಮ್ಮೆ ಅರ್ಧವೇ, ನಷ್ಟ. ಒಂದು ಲೀಟರ್ ಪೆಟ್ರೋಲಿನ ಕೆಲಸಕ್ಕೆ ಸುಮಾರು ಮೂರು ಕಿಲೋ ಒಣ ಸೌದೆ ಬೇಕು. ಹಸಿ ಸೌದೆ ಹಾಕಿದವನ ಪಾಡನ್ನು ಬಣ್ಣಿಸುವುದೇ ಬೇಡ; ಒಲೆಯ ಮುಂದೆ ಊದುಗೊಳವೆ ಹಿಡಿದ ಗೃಹಿಣಿಯರು ಬಲ್ಲರು. ಬೆಳಗಾಗೆದ್ದು ಬೂದಿ ತೆಗೆದು, ಬೆಂಕಿ ಹೊತ್ತಿಸಿ, ಗಾಳಿಪಂಖ ತಿರುಗಿಸಿ, ಅನಿಲ ಹದಕ್ಕೆ ಬರುವವರೆಗೆ ಕಾಯುವ ಚಾಲಕನು ಅರ್ಧ ಅಡಿಗೆಯವನೇ ಆಗಿಬಿಟ್ಟನು.

ಕಷ್ಟಕ್ಕಿಂತ ಮಿಗಿಲಾದುದು ಅಪಾಯ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಎಂಜಿನ್ನು ಓಡುತ್ತಿರುವಾಗ ಅನಿಲವನ್ನು ತಾನೇ ಹೀರಿಕೊಳ್ಳುವುದರಿಂದ, ಪೀಪಾಯಿಯಲ್ಲಿ ಬಿರುಕಿದ್ದರೂ ಹೊರಗಿನ ಗಾಳಿ ಒಳಹೋದೀತೇ ವಿನಾ ವಿಷ ಹೊರಬಾರದು. ಎಂಜಿನ್ನು ನಿಂತ ಬಳಿಕವೇ ಗಂಡಾಂತರ. ಒಳಗೆ ಕೆಂಡ ಆರಿರುವುದಿಲ್ಲ, ಹೀರುವವರಿಲ್ಲ. ಅನಿಲವು ಸಂದುಗಳಿಂದ ಹೊರಸೂಸುತ್ತದೆ. ಚಳಿನಾಡಿನಲ್ಲಿ ಲಾರಿಯನ್ನು ಕೊಟ್ಟಿಗೆಗೆ ಸೇರಿಸಿ ಬಾಗಿಲು ಮುಚ್ಚುವುದು ಸಹಜವಷ್ಟೆ. ತಲೆನೋವೆಂದು ಅಲ್ಲೇ ಒರಗಿದವನು ಮತ್ತೆ ಏಳದೆ ಹೋಗಬಹುದಿತ್ತು. ಸ್ವೀಡನ್, ಫಿನ್ಲೆಂಡ್‌ಗಳಲ್ಲಿ ವಿಷವೇರಿ ಬಿದ್ದವರು ಅನೇಕರು, ಸತ್ತವರೂ ಉಂಟು. ನಿಂತ ಲಾರಿಯನ್ನು ಬಯಲಲ್ಲೇ ಬಿಡಬೇಕೆಂಬ ಎಚ್ಚರಿಕೆಯನ್ನು ಚಾಲಕರು ಜೀವ ತೆತ್ತು ಕಲಿಯಬೇಕಾಯಿತು.

ಅದೇ ಯುದ್ಧಕಾಲದಲ್ಲಿ ಮೈಸೂರು ಸಂಸ್ಥಾನದಲ್ಲಿಯೂ ಇದ್ದಿಲ ಅನಿಲದ ಬಸ್ಸುಗಳು ಓಡಿದವು. ಏರು ಬಂದಾಗ ಪ್ರಯಾಣಿಕರೆಲ್ಲ ಇಳಿದು ಬಸ್ಸನ್ನು ತಳ್ಳುತ್ತಿದ್ದುದನ್ನು ಹಿರಿಯರು ಹೇಳಿ ನಗುತ್ತಿದ್ದರು.

೧೯೪೫ರಲ್ಲಿ ಯುದ್ಧ ಮುಗಿದು ಪೆಟ್ರೋಲು ಮರಳಿ ಬರತೊಡಗಿದಂತೆ, ಚಾಲಕರು ಪೀಪಾಯಿಗಳನ್ನು ಕಿತ್ತು ಗುಜರಿಗೆ ಹಾಕಿದರು. ಆದರೆ ೧೯೫೬ರಲ್ಲಿ ಸೂಯೆಜ್ ಕಾಲುವೆ ಮುಚ್ಚಿದಾಗ ಸ್ವೀಡನ್ ಸರ್ಕಾರಕ್ಕೆ ಹಳೆಯದೆಲ್ಲ ನೆನಪಾಯಿತು. ಅಲ್ಲಿನ ತಜ್ಞರು ಮತ್ತೆ ಮರದ ಅನಿಲದ ಪ್ರಯೋಗಕ್ಕೆ ತೊಡಗಿದರು. ಈ ಸಲ ಪೆಟ್ರೋಲ್ ಎಂಜಿನ್ನುಗಳ ಬದಲು ಡೀಸೆಲ್ ಎಂಜಿನ್ನುಗಳ ಮೇಲೆ.