ಕಾಡಿನ ಮನೆಗೆ ಹೋಗುವ ಅತಿಥಿಗಳಿಗೆ

‘ಪರಿಸರಸ್ನೇಹಿ ತಂಗುದಾಣ’ ಎಂಬ ಫಲಕಗಳು ಈಗ ಮಲೆನಾಡಿನ ತಿರುವು ತಿರುವಿನಲ್ಲಿಯೂ ಕಾಣಸಿಗುತ್ತವೆ. ಹೆಸರಿಟ್ಟ ಮಾತ್ರಕ್ಕೆ ಗುಣ ಬರುವುದಿಲ್ಲವೆಂಬುದು ಬಹುಕಾಲ ತರಗತಿಯಲ್ಲಿ ಹಾಜರಿ ಕರೆದ ನನಗೆ ಚೆನ್ನಾಗಿ ಗೊತ್ತು. ಶಾಂತಪ್ಪನೆಂಬ ಹೆಸರಿನ ಹುಡುಗನೇ ಹೆಚ್ಚು ಗಲಾಟೆ ಮಾಡುತ್ತಿದ್ದುದುಂಟು! ಆದ್ದರಿಂದ ಇಂತಹ ತಂಗುದಾಣಗಳನ್ನು ಎರಡು ಪ್ರಶ್ನೆಗಳಿಂದ ಪರೀಕ್ಷಿಸಬೇಕೆಂಬುದು ನನ್ನ ಅಭಿಪ್ರಾಯ. ಕಾಡಿಗಾಗಿ ಅತಿಥಿಯು ಏನನ್ನು ಬಿಟ್ಟುಕೊಡುತ್ತಾನೆ? ಆ ಊರಿನವರಿಗೆ ಏನು ದಕ್ಕುತ್ತದೆ?

ಮಳೆಗಾಲದ ಹೊಸ್ತಿಲಲ್ಲಿ ಆಗುಂಬೆಯ ಸೀಮೆಯ ಒಂದು ತಂಗುದಾಣದಲ್ಲಿ ಎರಡು ರಾತ್ರಿ ಕಳೆದಿದ್ದೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಕಾಳಿಂಗಸರ್ಪವೂ ಸಿಂಗಳೀಕವೂ ಬಾಳುವ ನಿತ್ಯಹರಿದ್ವರ್ಣದ ಕಾಡು ಅದು. ಮಿಂಚುಹುಳಗಳ ಕಾಲವೂ ಅದೇ. ಗಂಡುಹುಳು ತನ್ನ ಮಿನುಗಿನಿಂದಲೇ ಸಂಗಾತಿಯನ್ನು ಕರೆಯುವುದರಿಂದ ಕತ್ತಲೆಯು ಅದಕ್ಕೆ ಅಲಂಕಾರವಲ್ಲ, ವಂಶದ ಪ್ರಶ್ನೆ. ಆದರೆ ಅಲ್ಲಿ ಮರಮರಕ್ಕೂ ಕಟ್ಟಿದ್ದ ದೀಪಗಳು ಬೆಳಗಿನವರೆಗೂ ಉರಿಯುತ್ತಿದ್ದವು. ಬಡಿಸಲು ಬಂದ ಆ ಊರಿನ ಹೆಂಗಸು, “ಈ ಲೈಟು ಆರಿಸಿದ್ರೆ ಮರಾನೇ ಮಿನುಗ್ತದೆ ಮೇಷ್ಟ್ರೇ” ಎಂದಳು. ಕಾಡನ್ನು ಬಲ್ಲವಳು ಆಕೆ. ದೀಪದ ಗುಂಡಿಯಾದರೋ ಮತ್ತಾರದೋ ಕೈಯಲ್ಲಿ.

ಅಂಥವರ ಕೈಗೇ ಗುಂಡಿ ಬಂದರೆ ಹೇಗೆ? ಪೆರು ದೇಶದಲ್ಲಿ ಅದಕ್ಕೊಂದು ನಿದರ್ಶನವಿದೆ. ಅಮೆಜಾನ್ ಮಳೆಕಾಡಿನ ತಾಂಬೊಪಾಟಾ ನದಿಯ ದಡದಲ್ಲಿ ಇನ್ಫಿಯೆರ್ನೊ ಎಂಬ ಊರು. ಸ್ಪ್ಯಾನಿಷ್ ಭಾಷೆಯಲ್ಲಿ ಆ ಹೆಸರಿಗೆ ನರಕವೆಂದು ಅರ್ಥ! ಎಸೆ ಎಹಾ ಮೂಲನಿವಾಸಿಗಳೂ ವಲಸೆ ಬಂದ ರೈತರೂ ಕೂಡಿ ಬಾಳುವ ಈ ಊರು 1996ರಲ್ಲಿ ಒಂದು ಪ್ರವಾಸಿ ಸಂಸ್ಥೆಯೊಡನೆ 20 ವರ್ಷಗಳ ಒಪ್ಪಂದ ಮಾಡಿಕೊಂಡಿತು. ಲಾಭದಲ್ಲಿ ಶೇ. 60 ಊರಿಗೆ, ಶೇ. 40 ಸಂಸ್ಥೆಗೆ, ತೀರ್ಮಾನಗಳಲ್ಲಿ ಇಬ್ಬರಿಗೂ ಸಮಪಾಲು. 1998ರಲ್ಲಿ ತೆರೆದ ಆ ‘ಪೊಸಾಡಾ ಅಮೆಜೋನಾಸ್’ ತಂಗುದಾಣದ ಕೋಣೆಗಳಿಗೆ ಕಾಡಿನ ಕಡೆ ಗೋಡೆಯೇ ಇಲ್ಲ. ಅಂತಹ ಕೋಣೆಯಲ್ಲಿ ಹವಾನಿಯಂತ್ರಕ ಯಂತ್ರವನ್ನು ಕೇಳುವವರಾರು?

ಹಣ ತೆತ್ತವರಿಗೆ ಸೌಕರ್ಯ ಬೇಡವೇ ಎಂದು ಕೆಲವರು ಆಕ್ಷೇಪಿಸಬಹುದು. ಖಂಡಿತ ಬೇಕು. ಶುಚಿಯಾದ ಹಾಸಿಗೆ, ಬಿಸಿ ಗಂಜಿ, ಸ್ನಾನಕ್ಕೆ ಹಂಡೆಯ ನೀರು, ಇವು ನನ್ನ ವಯಸ್ಸಿನವರಿಗೆ ಅಗತ್ಯವೇ. ಆದರೆ ರಾತ್ರಿಯಿಡೀ ಬೆಳಕು, ಧ್ವನಿವರ್ಧಕದ ಹಾಡು, ಈಜುಕೊಳ ಇವೆಲ್ಲ ಪೇಟೆಯಲ್ಲಿಯೇ ದೊರೆಯುತ್ತವಲ್ಲ! ಅವುಗಳಿಗಾಗಿ ಘಾಟಿ ಹತ್ತಿಳಿಯಬೇಕೇ? “ಅತಿಥಿಗಳು ಕೇಳುತ್ತಾರೆ” ಎಂಬುದೇ ಮಾಲೀಕರ ಸಮಾಧಾನ. ಹಾಗಾದರೆ ಬದಲಾವಣೆಯೂ ಅತಿಥಿಯಿಂದಲೇ ಮೊದಲಾಗಬೇಕು.

ಓದುಗ ಮಿತ್ರರೇ, ಮುಂದಿನ ಬೇಸಿಗೆ ರಜೆಗೆ ಮಕ್ಕಳೊಡನೆ ಕಾಡಿನ ಮನೆಯಲ್ಲಿ ಕೋಣೆ ಕಾಯ್ದಿರಿಸುವಾಗ, ಊಟದಲ್ಲಿ ಏನೇನಿದೆ ಎಂದು ಕೇಳುವ ಮೊದಲು ರಾತ್ರಿ ದೀಪ ಎಷ್ಟು ಗಂಟೆಗೆ ಆರಿಸುತ್ತೀರಿ, ಊರಿನವರಿಗೆ ಇದರಲ್ಲಿ ಪಾಲೆಷ್ಟು ಎಂದು ಕೇಳಿರಿ. ಹತ್ತು ಮಂದಿ ಕೇಳಿದರೆ ಹನ್ನೊಂದನೆಯವರಿಗೆ ಉತ್ತರ ಸಿದ್ಧವಾಗಿರುತ್ತದೆ.